ಮಣ್ಣು ಫಲವತ್ತು, ಊಟ ಹಡಗಿನದು

ಪ್ರಶ್ನೆ: ನಾನು ಕೃಷಿ ಪದವೀಧರ. ಸಣ್ಣ ದ್ವೀಪರಾಷ್ಟ್ರವೊಂದರ ಕೃಷಿ ಇಲಾಖೆಗೆ ಸಲಹೆಗಾರನಾಗಿ, ಎರಡು ವರ್ಷದ ಗುತ್ತಿಗೆಯ ಮೇಲೆ ಹೊರಡಲಿದ್ದೇನೆ. ಅಲ್ಲಿ ಜ್ವಾಲಾಮುಖಿಯ ಕಪ್ಪು ಮಣ್ಣಿದೆ, ಮಳೆಗೆ ಕೊರತೆಯಿಲ್ಲ. ಆದರೂ ಜನ ತಿನ್ನುವುದರಲ್ಲಿ ಮುಕ್ಕಾಲು ಪಾಲು ಹಡಗಿನಲ್ಲಿ ಬರುತ್ತದೆ. ಐದು ವರ್ಷದಲ್ಲಿ ಆಹಾರ ಆಮದನ್ನು ಅರ್ಧಕ್ಕೆ ಇಳಿಸಬೇಕೆಂಬುದು ಅಲ್ಲಿನ ಸರ್ಕಾರದ ಗುರಿ. ನನಗೆ ಕಳುಹಿಸಿರುವ ಕಡತದಲ್ಲಿ ಮೂರು ಪ್ರಸ್ತಾವಗಳಿವೆ: ಕೆಲವು ಆಹಾರಗಳ ಆಮದು ನಿಷೇಧ, ದೇಶವನ್ನು ಪೂರ್ತಿ ಸಾವಯವಕ್ಕೆ ಒಯ್ಯುವುದು, ಹಸಿರುಮನೆ ಮತ್ತು ಮಣ್ಣಿಲ್ಲದ ಕೃಷಿಗೆ ಸಹಾಯಧನ. ಅದೇ ಕಡತದ ಇನ್ನೊಂದು ಟಿಪ್ಪಣಿಯಲ್ಲಿ, ‘ಅರ್ಧ ಜಮೀನು ಪಾಳು ಬಿದ್ದಿದೆ, ಯುವಕರು ವಿದೇಶಕ್ಕೆ ಹೋಗುತ್ತಾರೆ, ಉಳಿದವರಿಗೆ ದುಡಿಯುವ ಮನಸ್ಸಿಲ್ಲ’ ಎಂದು ಬರೆದಿದೆ. ಇದರಲ್ಲಿ ಎಷ್ಟು ನಿಜ? ನಾನು ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಕೇಳಿರುವ ಪ್ರಶ್ನೆಗಳ ಜೊತೆಗೆ ಕೇಳದೆ ಉಳಿದ ಒಂದು ಆತಂಕವೂ ಇದೆ. ಈಡೇರದ ಗುರಿಯೊಂದಕ್ಕೆ ನಿಮ್ಮ ಹೆಸರು ಅಂಟಿಕೊಂಡೀತೇ ಎಂಬುದು. ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಐದು ವರ್ಷದಲ್ಲಿ ಅರ್ಧ ಎಂಬುದು ಆಗದ ಮಾತು. ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್, ಆಹಾರ ಆಮದಿನ ವೆಚ್ಚವನ್ನು 2025ರೊಳಗೆ ಶೇ 25ರಷ್ಟು ತಗ್ಗಿಸುವ ಪಣ ತೊಟ್ಟಿತ್ತು. ವಿಶಾಲ ಭೂಮಿಯಿರುವ ಗಯಾನಾ ಆ ಒಕ್ಕೂಟದೊಳಗೇ ಇದೆ. ಹಾಗಿದ್ದೂ ಗಡುವನ್ನು 2030ಕ್ಕೆ ಮುಂದೂಡಬೇಕಾಯಿತು. ನಿಮ್ಮ ದ್ವೀಪಕ್ಕೆ ಗಯಾನಾದಂತಹ ನೆರೆರಾಷ್ಟ್ರವೂ ಇದ್ದಂತಿಲ್ಲ.

ಇನ್ನು ಸೋಮಾರಿತನದ ಆರೋಪ. ಹೋದಲ್ಲೆಲ್ಲ ಇಲಾಖೆಯ ಮೇಜಿನಾಚೆಯಿಂದ ಈ ಮಾತು ನನ್ನ ಕಿವಿಗೆ ಬಿದ್ದಿದೆ. ಹೊಲಕ್ಕೆ ಹೋಗಿ ನೋಡಿದರೆ ಬೇರೆಯೇ ಲೆಕ್ಕ ಕಾಣುತ್ತದೆ. ಕೆಸುವಿನ ಗೆಡ್ಡೆ, ಮರಗೆಣಸು, ಬಾಳೆ, ನಾಲ್ಕು ತೆಂಗು, ಒಂದು ದೀವಿಹಲಸು ಎಲ್ಲವೂ ಒಂದೇ ತುಂಡಿನಲ್ಲಿ ಬೆರೆತು ನಿಂತಿರುತ್ತವೆ. ಹೊರಗಿನಿಂದ ಬಂದ ಕಣ್ಣಿಗೆ ಅದು ಅಸ್ತವ್ಯಸ್ತ. ಆದರೆ ಮರಗೆಣಸು ಕಿತ್ತ ಎರಡು ಮೂರು ದಿನದಲ್ಲಿ ಕೆಡುತ್ತದೆ, ಕೀಳದೆ ಬಿಟ್ಟರೆ ತಿಂಗಳುಗಟ್ಟಲೆ ನೆಲದೊಳಗೇ ಚೆನ್ನಾಗಿರುತ್ತದೆ. ಶೈತ್ಯಾಗಾರವಿಲ್ಲದ ರೈತನಿಗೆ ನೆಲವೇ ಉಗ್ರಾಣ. ಮನೆಗೆ ಬೇಕಾದಾಗ, ಮದುವೆ ಅಥವಾ ಸಾವಿನ ಖರ್ಚು ಬಂದಾಗ ಕೀಳುತ್ತಾನೆ. ಅವನಿಗೆ ಸಿಗಬಹುದಾದ ಲಾಭಕ್ಕಿಂತ ಮುಳುಗಬಹುದಾದ ದಿನ ಮುಖ್ಯ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಹೊಸತನ್ನು ಒಪ್ಪುವುದಿಲ್ಲ ಎಂಬುದೂ ಹೀಗೆಯೇ. ಯೋಜನೆಯವರು ಬಂದು ಟೊಮೆಟೊ, ಕೋಸು, ದಪ್ಪಮೆಣಸಿನ ಸಸಿ ಹಂಚುತ್ತಾರೆ. ಜನ ನೆಡುತ್ತಾರೆ, ಬೆಳೆ ಬರುತ್ತದೆ. ಎಲ್ಲರದೂ ಒಂದೇ ವಾರದಲ್ಲಿ ಬರುತ್ತದೆ. ರಾಜಧಾನಿಯಲ್ಲಿ ಇರುವುದು ಒಂದು ಸಂತೆ, ಎರಡು ದೊಡ್ಡ ಅಂಗಡಿ, ಬೆರಳೆಣಿಕೆಯ ಹೋಟೆಲು. ಹತ್ತಾರು ಮಂದಿ ಒಟ್ಟಿಗೆ ಬೆಳೆದರೆ ಬೆಲೆ ನೆಲ ಕಚ್ಚುತ್ತದೆ. ಹೊರದ್ವೀಪದವನ ಪಾಡು ಇನ್ನೂ ಕಷ್ಟ, ಗುರುವಾರ ಬರಬೇಕಿದ್ದ ದೋಣಿ ಸೋಮವಾರ ಬರುತ್ತದೆ, ಪೆಟ್ಟಿಗೆಗಳು ಕಟ್ಟೆಯ ಮೇಲೆಯೇ ಕೊಳೆಯುತ್ತವೆ. ಮರುವರ್ಷ ಅವನು ನೆಡುವುದಿಲ್ಲ. ಯೋಜನೆಯ ವರದಿಯಲ್ಲಿ ಮಾತ್ರ ‘ರೈತರ ನಿರಾಸಕ್ತಿ’ ಎಂದು ದಾಖಲಾಗುತ್ತದೆ.

ಪಾಳುಬಿದ್ದ ಜಮೀನಿನ ಹಿಂದೆ ಬಹುಪಾಲು ಕಡೆ ಒಡೆತನದ ಗಂಟಿದೆ. ಫಿಜಿಯನ್ನು ನೋಡಿ. ಅಲ್ಲಿ ಸುಮಾರು ಶೇ 87ರಷ್ಟು ನೆಲ ಮೂಲನಿವಾಸಿ ಕುಲಗಳ ಸಾಮೂಹಿಕ ಒಡೆತನದಲ್ಲಿದೆ, ಮಾರುವಂತಿಲ್ಲ. ಕಬ್ಬು ಬೆಳೆದವರು ಹೆಚ್ಚಾಗಿ ಭಾರತದಿಂದ ಕರಾರು ಕೂಲಿಗಳಾಗಿ ಹೋದವರ ಮಕ್ಕಳು, ಮೊಮ್ಮಕ್ಕಳು. ಅವರದು ಮೂವತ್ತು ವರ್ಷದ ಗೇಣಿ. 1997ರಿಂದ ಆ ಅವಧಿಗಳು ಮುಗಿಯತೊಡಗಿದವು, ಬಹಳಷ್ಟು ನವೀಕರಣವಾಗಲಿಲ್ಲ. ಗೇಣಿ ಮುಗಿಯುವ ಭಯವಿರುವವನು ಮಣ್ಣಿಗೆ ದುಡ್ಡು ಹಾಕುವುದಿಲ್ಲ. ಜಮೀನು ಮರಳಿ ಪಡೆದ ಕುಲಗಳಿಗೆ ಕಬ್ಬಿನಲ್ಲಿ ಅಷ್ಟು ಆಸಕ್ತಿಯಿರಲಿಲ್ಲ. 1990ರ ದಶಕದ ನಡುವೆ ವರ್ಷಕ್ಕೆ 40 ಲಕ್ಷ ಟನ್‌ ದಾಟುತ್ತಿದ್ದ ಕಬ್ಬು ಈಚೆಗೆ 20 ಲಕ್ಷಕ್ಕಿಂತ ಕೆಳಗಿದೆ. ಬೆಲೆ ಕುಸಿತ, ವಲಸೆ, ಹಳೆಯ ಗಿರಣಿಗಳು ಇವೆಲ್ಲವೂ ಅದಕ್ಕೆ ಸೇರಿಕೊಂಡಿವೆ, ಗೇಣಿಯೊಂದರ ತಲೆಗೇ ಕಟ್ಟಲಾಗದು. ಹಾಗೆಂದು ಸಾಮೂಹಿಕ ಒಡೆತನವನ್ನು ಮುರಿದು ಪಟ್ಟಾ ಹಂಚಿ ಎಂದು ಸಲಹೆ ಕೊಡಲು ಹೊರಡಬೇಡಿ. ಕೆಲಸ ಕಳೆದುಕೊಂಡವನಿಗೆ, ಹೊರದೇಶದಿಂದ ಮರಳಿದವನಿಗೆ ಅಲ್ಲಿ ಉಳಿದಿರುವ ಭದ್ರತೆ ಅದೊಂದೇ. ಗೇಣಿಯ ಅವಧಿ ಬೆಳೆಯ ಆಯುಸ್ಸಿಗಿಂತ ಉದ್ದವಿರಲಿ, ಗೇಣಿದಾರ ನೆಟ್ಟ ಮರಕ್ಕೆ ಬಿಡುವಾಗ ಪರಿಹಾರ ಸಿಗಲಿ ಎಂಬಷ್ಟನ್ನು ಕೇಳಿದರೆ ಕುಲದ ಹಿರಿಯರೂ ಕೂತು ಮಾತಾಡುತ್ತಾರೆ.

ಯುವಕರು ಹೋಗುತ್ತಾರೆ, ನಿಜ. ಟೊಂಗಾದಲ್ಲಿ ಹೊರಗಿನಿಂದ ಮನೆಗಳಿಗೆ ಬರುವ ಹಣವೇ ದೇಶದ ಜಿಡಿಪಿಯ ಶೇ 40ರ ಆಸುಪಾಸಿನಲ್ಲಿದೆ. ನ್ಯೂಜಿಲೆಂಡ್ 2007ರಲ್ಲಿ ಹಂಗಾಮಿಗೆ ಬಂದು ಹೋಗುವ ಕೃಷಿ ಕೆಲಸಗಾರರ ವ್ಯವಸ್ಥೆ ತಂದ ಮೇಲೆ ಪೆಸಿಫಿಕ್ ದ್ವೀಪಗಳ ಗಟ್ಟಿ ತೋಳುಗಳು ವರ್ಷದ ಹಲವು ತಿಂಗಳು ಅಲ್ಲಿನ ಸೇಬು, ದ್ರಾಕ್ಷಿ ತೋಟಗಳಲ್ಲಿರುತ್ತವೆ. ತೋಟದ ಕೆಲಸ ಮಾಡಲು ಮನಸ್ಸಿಲ್ಲದವರು ಅಷ್ಟು ದೂರ ತೋಟದ ಕೆಲಸಕ್ಕೇ ಹೋಗುತ್ತಿರಲಿಲ್ಲ. ಕೂಲಿಯ ಅಂತರ ಅವರನ್ನು ಒಯ್ಯುತ್ತದೆ. ನೀವು ಯೋಜಿಸುವ ಬೆಳೆ ಕಡಿಮೆ ಆಳಿನಲ್ಲಿ, ಹೆಚ್ಚಾಗಿ ಹೆಂಗಸರು ಮತ್ತು ವಯಸ್ಸಾದವರ ಕೈಯಲ್ಲಿ ನಡೆಯುವಂತಿರಬೇಕು ಎಂಬುದು ಇದರಿಂದ ತಿಳಿಯಬೇಕಾದದ್ದು.

ಹಾಗಾದರೆ ಆಮದು ಇಷ್ಟು ಏಕೆ ಬೆಳೆಯಿತು? ಇತಿಹಾಸದ ಪಾಲು ದೊಡ್ಡದು. ವಸಾಹತು ಆಳ್ವಿಕೆ ದ್ವೀಪಗಳನ್ನು ಒಂದೊಂದು ಬೆಳೆಯ ತೋಟಗಳನ್ನಾಗಿ ಮಾಡಿತು. ಸ್ವಾತಂತ್ರ್ಯ ಬಂದ ಮೇಲೂ ಯುರೋಪು ವಿಶೇಷ ಬೆಲೆ ಕೊಟ್ಟು ಅದೇ ಬೆಳೆಗಳನ್ನು ಕೊಳ್ಳುತ್ತಿತ್ತು. ಸೇಂಟ್ ಲೂಸಿಯಾ, ಡೊಮಿನಿಕಾ, ಸೇಂಟ್ ವಿನ್ಸೆಂಟ್ ದ್ವೀಪಗಳ ಗುಡ್ಡದಿಳಿಜಾರಿನ ಪುಟ್ಟ ಬಾಳೆತೋಟಗಳು ಬದುಕಿದ್ದು ಆ ರಕ್ಷಣೆಯಲ್ಲಿ. ಲ್ಯಾಟಿನ್ ಅಮೆರಿಕದ ಬೃಹತ್ ತೋಟಗಳ ಪರವಾಗಿ ಅಮೆರಿಕ ಮತ್ತು ಇತರ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದವು, 1997ರಲ್ಲಿ ಯುರೋಪು ಸೋತಿತು. ನಂತರದ ವರ್ಷಗಳಲ್ಲಿ ಸಾವಿರಾರು ಕುಟುಂಬಗಳು ಬಾಳೆ ಬಿಟ್ಟವು. ಇತ್ತ ಒಳಬರುವ ಬಾಗಿಲು ಅಗಲವಾಗಿ ತೆರೆಯಿತು. ಹೈಟಿ 1995ರಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇ 3ಕ್ಕೆ ಇಳಿಸಿದಾಗ ಅಮೆರಿಕದ ಸಬ್ಸಿಡಿ ಅಕ್ಕಿ ನುಗ್ಗಿ ಅಲ್ಲಿನ ಭತ್ತದ ರೈತರನ್ನು ಮುಳುಗಿಸಿತು. ಆ ನೀತಿಗೆ ಒತ್ತಡ ಹಾಕಿದ್ದ ಬಿಲ್ ಕ್ಲಿಂಟನ್ 2010ರಲ್ಲಿ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಜಮೈಕಾದ ಹೈನುಗಾರರಿಗೆ ಇದೇ ಗತಿಯನ್ನು ಯುರೋಪಿನ ಹಾಲಿನ ಪುಡಿ ತಂದಿತು. ಒಮ್ಮೆ ಮುಚ್ಚಿದ ಡೈರಿ, ಮಾರಿಹೋದ ಹಸು, ಕೈತಪ್ಪಿದ ಕಸುಬು ಸುಂಕ ಏರಿಸಿದ ಮಾತ್ರಕ್ಕೆ ಹಿಂತಿರುಗುವುದಿಲ್ಲ.

ಈಗ ಕಡತದ ಮೂರು ಪ್ರಸ್ತಾವಗಳು.

ನಿಷೇಧ ಮಂತ್ರಿಗಳಿಗೆ ಪ್ರಿಯ, ಏಕೆಂದರೆ ಅದಕ್ಕೆ ಒಂದು ಸಹಿ ಸಾಕು. ಬೆಳೆ ಇನ್ನೂ ಇಲ್ಲದಿರುವಾಗ ಆಮದು ನಿಲ್ಲಿಸಿದರೆ ಮೊದಲು ಏರುವುದು ಬಡವರ ಊಟದ ಬೆಲೆ. ಸುಂಕವೇ ಖಜಾನೆಯ ಪ್ರಮುಖ ಆದಾಯವಾಗಿರುವ ದ್ವೀಪಗಳು ಹಲವು, ಅದೂ ಸೋರುತ್ತದೆ. ವ್ಯಾಪಾರ ಒಪ್ಪಂದಗಳ ತೊಡಕು ಬೇರೆ. ಸಮೋವಾ ಆರೋಗ್ಯದ ಕಾರಣಕ್ಕೆ, ಅಮೆರಿಕದಿಂದ ಬರುತ್ತಿದ್ದ ಕೊಬ್ಬು ತುಂಬಿದ ಟರ್ಕಿ ಕೋಳಿಯ ಬಾಲದ ಮಾಂಸವನ್ನು 2007ರಲ್ಲಿ ನಿಷೇಧಿಸಿತ್ತು, ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವಕ್ಕಾಗಿ ಆ ನಿಷೇಧವನ್ನು ಕೈಬಿಡಬೇಕಾಯಿತು. ಇದಕ್ಕಿಂತ ಜಮೈಕಾದ ದಾರಿ ವಾಸಿ. ಅಲ್ಲಿ ಕೆಲವು ತರಕಾರಿಗಳಿಗೆ, ಸ್ಥಳೀಯ ಬೆಳೆ ಎಷ್ಟಿದೆ ಎಂದು ನೋಡಿ ಆಮದು ಪರವಾನಗಿ ಕೊಡುತ್ತಾರೆ. ಕೊಯ್ಲಿನ ತಿಂಗಳಲ್ಲಿ ಬಿಗಿ, ಕೊರತೆಯ ತಿಂಗಳಲ್ಲಿ ಸಡಿಲ. ಇದರ ಅಪಾಯವೂ ಗೊತ್ತಿರಲಿ. ಪರವಾನಗಿ ಬರೆಯುವ ಮೇಜಿನ ಸುತ್ತ ಆಮದುದಾರರ ಗುಂಪು ಬೆಳೆಯುತ್ತದೆ, ಬೆಳೆಯ ಅಂದಾಜು ತಪ್ಪಿದರೆ ಮಾರುಕಟ್ಟೆ ಖಾಲಿಯಾಗುತ್ತದೆ. ಅಂಕಿಅಂಶ ಸಂಗ್ರಹಿಸುವವರು ಇಲ್ಲದ ಇಲಾಖೆ ಇದಕ್ಕೆ ಕೈಹಾಕಬಾರದು.

ಇನ್ನೊಂದು ಮಾತು: ಆಮದು ಕಡಿತದ ಲೆಕ್ಕದಲ್ಲಿ ಕೋಳಿಯನ್ನು ಎಚ್ಚರದಿಂದ ನೋಡಿ. ಕೋಳಿ ದ್ವೀಪದ್ದೇ ಆದರೂ ಅದು ತಿನ್ನುವ ಜೋಳ, ಸೋಯಾ ಹಡಗಿನದು. ಮರಿಯೂ ಎಷ್ಟೋ ಕಡೆ ಹೊರಗಿನದೇ. ಪಟ್ಟಿಯಲ್ಲಿ ಮಾಂಸದ ಸಾಲು ಕುಗ್ಗುತ್ತದೆ, ಮೇವಿನ ಸಾಲು ಹಿಗ್ಗುತ್ತದೆ.

ಇಡೀ ದೇಶ ಒಮ್ಮೆಗೇ ಸಾವಯವ ಎಂಬುದರ ಫಲ ಏನೆಂದು ಶ್ರೀಲಂಕಾ ತೋರಿಸಿದೆ. 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದು ನಿಂತಿತು, ನವೆಂಬರ್‌ನಲ್ಲಿ ಹಿಂತೆಗೆದುಕೊಂಡರು. ಅಷ್ಟರಲ್ಲಿ ಹಂಗಾಮು ಕೈತಪ್ಪಿತ್ತು. ಅಕ್ಕಿಯಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ಆಮದಿಗೆ ಇಳಿಯಿತು, ಡಾಲರ್ ತರುವ ಚಹಾವೂ ಕುಸಿಯಿತು. ಗೊಬ್ಬರದ ಡಾಲರ್ ಉಳಿಸುವ ಆತುರವೂ ಆ ನಿರ್ಧಾರದ ಹಿಂದೆ ಇತ್ತು ಎಂಬುದನ್ನು ಮರೆಯಬಾರದು. ಸಾವಯವದ ಬಗ್ಗೆ ನನಗೆ ತಕರಾರಿಲ್ಲ. ನಿಮ್ಮ ದ್ವೀಪದ ಗೆಡ್ಡೆಬೆಳೆಗಾರರು ಬಹುಶಃ ಈಗಾಗಲೇ ಗೊಬ್ಬರ ಕೊಳ್ಳುವವರಲ್ಲ. ಅವರಿಗೆ ಬೇಕಿರುವುದು ಪ್ರಮಾಣಪತ್ರದ ಖರ್ಚನ್ನು ಹಂಚಿಕೊಳ್ಳುವ ಗುಂಪು ಮತ್ತು ಹೆಚ್ಚು ಬೆಲೆ ಕೊಡುವ ಗಿರಾಕಿ. ಗೊಬ್ಬರಕ್ಕೆ ಹೊಂದಿಕೊಂಡ ತಳಿ ಬೆಳೆಯುವವರನ್ನು ಆಜ್ಞೆಯಿಂದ ಅತ್ತ ತಳ್ಳುವುದು ಬೇರೆಯೇ ಸಂಗತಿ.

ಹಸಿರುಮನೆಯಲ್ಲಿ ಸೊಪ್ಪು, ಸೌತೆ ಚೆನ್ನಾಗಿ ಬರುತ್ತದೆ, ಹೋಟೆಲಿನವರು ಕೊಳ್ಳುತ್ತಾರೆ. ಡೀಸೆಲ್ ಸುಟ್ಟು ತಯಾರಿಸಿದ ದುಬಾರಿ ವಿದ್ಯುತ್ತಿನಲ್ಲಿ ಪಂಪು ಓಡಬೇಕು, ಪೋಷಕಾಂಶದ ಡಬ್ಬ ಹಡಗಿನಲ್ಲಿ ಬರಬೇಕು, ಚಂಡಮಾರುತಕ್ಕೆ ಮೊದಲು ಹಾರುವುದು ಅದರ ಹೊದಿಕೆ. ಬಿಚ್ಚಿ ಒಳಗಿಡಬಹುದಾದ ಸರಳ ನೆರಳುಪರದೆಗೆ ಸಹಾಯಧನ ಕೊಡಿ, ಉಳಿದದ್ದನ್ನು ಖಾಸಗಿಯವರು ತಮ್ಮ ದುಡ್ಡಿನಲ್ಲಿ ಮಾಡಲಿ. ಸೊಪ್ಪಿನಿಂದ ಹೊಟ್ಟೆ ತುಂಬುವುದಿಲ್ಲ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಕ್ಯೂಬಾ ನಗರಗಳ ಖಾಲಿ ನಿವೇಶನಗಳನ್ನೆಲ್ಲ ತರಕಾರಿ ತೋಟ ಮಾಡಿತು, ಆ ಸಾಧನೆ ನಿಜವಾದದ್ದು. ಹಾಗಿದ್ದೂ ಆಹಾರದ ದೊಡ್ಡ ಪಾಲನ್ನು ಇಂದಿಗೂ ಹೊರಗಿನಿಂದಲೇ ತರಿಸುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಗುರಿಯನ್ನೇ ಬದಲಿಸಿ. ಗೋಧಿ, ಅಕ್ಕಿ, ಎಣ್ಣೆ ಆಮದಾಗಲಿ. ಅವು ಅಗ್ಗ, ಕೆಡುವುದಿಲ್ಲ, ಸಾವಿರಾರು ಎಕರೆಯ ಯಂತ್ರಬೇಸಾಯದ ಎದುರು ದ್ವೀಪದ ಇಳಿಜಾರು ಗೆಲ್ಲುವುದಿಲ್ಲ. ಕೇಳಬೇಕಾದ ಪ್ರಶ್ನೆ, ಬಂದರು ಮುಚ್ಚಿದರೆ ಈ ದ್ವೀಪ ಎಷ್ಟು ವಾರ ತನ್ನ ನೆಲದಿಂದ ಉಣ್ಣಬಲ್ಲದು? 2017ರಲ್ಲಿ ಮರಿಯಾ ಚಂಡಮಾರುತ ಡೊಮಿನಿಕಾಕ್ಕೆ ಮಾಡಿದ ನಷ್ಟ ಆ ದೇಶದ ವಾರ್ಷಿಕ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು. ಅಂಥ ದಿನದ ಮಾರನೆಯ ಬೆಳಿಗ್ಗೆ ನೆಲದೊಳಗಿನ ಗೆಡ್ಡೆ ಉಳಿದಿರುತ್ತದೆ. ಸಿಹಿಗೆಣಸಿನ ಬಳ್ಳಿ ನೆಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ. ಮರಗೆಣಸಿನ ಕಾಂಡವನ್ನು ಗಾಳಿಯ ಮುನ್ಸೂಚನೆ ಬಂದೊಡನೆ ಕಡಿದರೆ ಬುಡ ಅಲುಗುವುದಿಲ್ಲ, ಗೆಡ್ಡೆ ಕೆಡುವುದಿಲ್ಲ. ಇದೆಲ್ಲ ಅಲ್ಲಿನ ಹಿರಿಯರಿಗೆ ಗೊತ್ತಿರುವುದೇ. ಇಲಾಖೆ ಮಾಡಬೇಕಾದದ್ದು ನಾಟಿ ಸಾಮಗ್ರಿಯ ದಾಸ್ತಾನು: ಬೇರೆ ಬೇರೆ ಕಣಿವೆಗಳಲ್ಲಿ ಬಳ್ಳಿ, ಕಾಂಡ, ಗೆಡ್ಡೆಗಳ ನರ್ಸರಿ. ಅದಕ್ಕೆ ಹೆಚ್ಚು ಹಣ ಬೇಕಿಲ್ಲ, ಉದ್ಘಾಟನೆಗೆ ಸೊಗಸಾದ ಕಟ್ಟಡವೂ ಸಿಗುವುದಿಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲ.

ಗೆಡ್ಡೆಯ ಮಾತು ಬಂದಾಗ ಸಮೋವಾದ ಕಥೆಯನ್ನು ಪೂರ್ತಿ ಓದಿಕೊಳ್ಳಿ. ಕೆಸುವಿನ ಗೆಡ್ಡೆ ಅಲ್ಲಿನ ಮುಖ್ಯ ಆಹಾರ, ಆಗ ಮುಖ್ಯ ರಫ್ತೂ ಆಗಿತ್ತು. ರುಚಿ ಮತ್ತು ಮಾರುಕಟ್ಟೆಗಾಗಿ ಬಹುತೇಕ ಎಲ್ಲರೂ ‘ನಿಯು’ ಎಂಬ ಒಂದೇ ತಳಿಗೆ ಸರಿದಿದ್ದರು. 1993ರಲ್ಲಿ ಎಲೆ ಅಂಗಮಾರಿ ರೋಗ ಕಾಣಿಸಿಕೊಂಡಿತು. ತೇವದ ಗಾಳಿ, ಬೆಚ್ಚನೆಯ ರಾತ್ರಿಗಳಲ್ಲಿ ಹರಡುವ ರೋಗ ಅದು. ವರ್ಷ ಕಳೆಯುವುದರೊಳಗೆ ರಫ್ತು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಔಷಧ ಸಿಂಪಡಣೆ ದುಬಾರಿಯಾಗಿತ್ತು, ಮಳೆಗೆ ತೊಳೆದುಹೋಗುತ್ತಿತ್ತು. ಕೊನೆಗೆ ಕೈ ಹಿಡಿದದ್ದು ತಳಿ ಸುಧಾರಣೆ. ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ ಅಲಾಫುವಾ ಆವರಣದಲ್ಲಿ ವಿಜ್ಞಾನಿಗಳು ರೈತರನ್ನು ಜೊತೆಗೆ ಕೂರಿಸಿಕೊಂಡು, ಪಲಾವು ದ್ವೀಪದ ಮತ್ತು ಆಮೇಲೆ ಏಷ್ಯಾದ ತಳಿಗಳೊಂದಿಗೆ ಅಡ್ಡಹಾಯಿಸಿದರು. ಯಾವುದು ರೋಗ ತಡೆಯುತ್ತದೆ ಎಂಬುದರ ಜೊತೆಗೆ ಯಾವುದು ಬೇಯಿಸಿದರೆ ಬಾಯಿಗೆ ಹಿಡಿಸುತ್ತದೆ ಎಂಬುದನ್ನೂ ರೈತರೇ ತೀರ್ಮಾನಿಸಿದರು. ಅದಕ್ಕೆ ವರ್ಷಗಳೇ ಹಿಡಿದವು. ಈಗ ಫಿಜಿಯ ಸುವಾದಲ್ಲಿರುವ ಪೆಸಿಫಿಕ್ ಬೆಳೆಗಳ ಕೇಂದ್ರದಲ್ಲಿ ಕೆಸುವಿನ ದೊಡ್ಡ ತಳಿಸಂಗ್ರಹವಿದೆ, ಸದಸ್ಯ ದೇಶಗಳಿಗೆ ಪ್ರಯೋಗಾಲಯದಲ್ಲಿ ಅಂಗಾಂಶದಿಂದ ಬೆಳೆಸಿದ ರೋಗಮುಕ್ತ ಸಸಿಗಳನ್ನು ಕೊಡುತ್ತದೆ. ನಿಮ್ಮ ದ್ವೀಪ ಆ ಭಾಗದ್ದಾದರೆ ಮೊದಲ ತಿಂಗಳಲ್ಲೇ ಪತ್ರ ಬರೆಯಿರಿ.

ರಫ್ತು ಬೇಡವೇ? ಬೇಕು, ಡಾಲರ್ ಬರಲೇಬೇಕು. ಆದರೆ ಸಣ್ಣ ದ್ವೀಪಕ್ಕೆ ಅಗ್ಗದ ಸರಕಿನ ಪೈಪೋಟಿ ಒಗ್ಗದು. ಟೊಂಗಾ 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಸಿಹಿಗುಂಬಳ ಸಿಗದ ವರ್ಷಾಂತ್ಯದ ಕೆಲವು ವಾರಗಳನ್ನು ಗುರುತಿಸಿ ಅದಕ್ಕೆ ಸರಿಯಾಗಿ ಬೆಳೆಯಿತು. ಒಂದಷ್ಟು ವರ್ಷ ಅದೇ ದೇಶದ ಮುಖ್ಯ ರಫ್ತು. ಬೇರೆಯವರೂ ಆ ವಾರಗಳನ್ನು ಕಂಡುಕೊಂಡರು, ಗುಣಮಟ್ಟ ಜಾರಿತು, ಬೆಲೆ ಬಿತ್ತು. ಒಂದು ಬಾಗಿಲು ಹತ್ತು ವರ್ಷ ತೆರೆದಿದ್ದರೆ ಅದೇ ಪುಣ್ಯ ಎಂದುಕೊಂಡು, ಮುಂದಿನದನ್ನು ಹುಡುಕುತ್ತಿರಬೇಕು. ಮರದ ಬೆಳೆಗೆ ಬೆಲೆ ಹೆಚ್ಚು ಕಾಲ ನಿಲ್ಲುತ್ತದೆ, ಆದರೆ ಪೆಟ್ಟೂ ಆಳ. ಗ್ರೆನಡಾ ಇಂಡೋನೇಷ್ಯಾದ ನಂತರ ಜಾಯಿಕಾಯಿಯಲ್ಲಿ ಎರಡನೆಯ ಸ್ಥಾನದಲ್ಲಿತ್ತು. 2004ರ ಸೆಪ್ಟೆಂಬರ್‌ನಲ್ಲಿ ಐವಾನ್ ಚಂಡಮಾರುತ ಬಹುಪಾಲು ಮರಗಳನ್ನು ಉರುಳಿಸಿತು. ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬೆಳೆಸಿದ ಸಸಿ ಯಾವುದೆಂದು ಹೂ ಬಿಡುವವರೆಗೆ, ಅಂದರೆ ಐದಾರು ವರ್ಷ ತಿಳಿಯುವುದಿಲ್ಲ. ಅರವತ್ತು ದಾಟಿದ ರೈತನಿಗೆ ಅಷ್ಟು ಕಾದು ನೋಡು ಎಂದು ಹೇಳುವ ಧೈರ್ಯ ಯಾರಿಗಿದೆ? ಹಲವರು ಕೋಕೋ ಕಡೆ ತಿರುಗಿದರು.

ರಫ್ತಿನಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಮಾದರಿ ಫಿಜಿಯ ‘ನೇಚರ್ಸ್ ವೇ’ ಸಹಕಾರಿಯದು. ಹಣ್ಣಿನ ನೊಣದ ಭಯದಿಂದ ನ್ಯೂಜಿಲೆಂಡ್ ಪಪ್ಪಾಯಿ, ಬದನೆ, ಮಾವನ್ನು ಒಳಬಿಡುತ್ತಿರಲಿಲ್ಲ. ಸದಸ್ಯರದೇ ಒಡೆತನದ ಈ ಸಂಸ್ಥೆ 1990ರ ದಶಕದಿಂದ ಬಿಸಿಗಾಳಿಯ ಕೋಣೆ ನಡೆಸುತ್ತಿದೆ. ಹಣ್ಣಿನ ಒಳಭಾಗವನ್ನು ಸುಮಾರು 47 ಡಿಗ್ರಿಗೆ ಏರಿಸಿ, ಮೊಟ್ಟೆ ಮರಿಗಳನ್ನು ಕೊಂದು, ತಣಿಸಿ ಕಳುಹಿಸುತ್ತದೆ. ಅದು ತಾನಾಗಿ ಹಣ್ಣು ಬೆಳೆಯುವುದಿಲ್ಲ, ಮಾರುವುದಿಲ್ಲ. ನಡುವೆ ಕೊಂಡಿ ಇಲ್ಲದಿದ್ದ ಜಾಗದಲ್ಲಿ ಮಾತ್ರ ಕೆಲಸ ಮಾಡಿ ಶುಲ್ಕ ಪಡೆಯುತ್ತದೆ. ಸರ್ಕಾರದ ಹಣ ಇಂಥಲ್ಲಿ ಫಲ ಕೊಡುತ್ತದೆ. ಹೊಸ ಕೀಟ, ರೋಗ ಒಳಬಾರದಂತೆ ಬಂದರಿನಲ್ಲಿ ತಪಾಸಣೆ ಮಾಡುವ ಸಿಬ್ಬಂದಿಯ ಸಂಬಳವೂ ಇದೇ ಲೆಕ್ಕಕ್ಕೆ ಸೇರಬೇಕು.

ಹಳೆಯ ತೋಟದ ಬೆಳೆಯನ್ನೇ ಉಳಿಸಿಕೊಳ್ಳುವ ಮಾದರಿ ಬೇಕಿದ್ದರೆ ಮಾರಿಷಸ್ ಇದೆ. ಯುರೋಪು 2006ರಿಂದ 2009ರ ನಡುವೆ ಸಕ್ಕರೆಯ ಖಾತರಿ ಬೆಲೆಯನ್ನು ಶೇ 36ರಷ್ಟು ಕಡಿದಾಗ ಅದು ಗಿರಣಿಗಳನ್ನು ಬೆರಳೆಣಿಕೆಗೆ ಇಳಿಸಿ, ವಿಶೇಷ ಸಕ್ಕರೆಗಳಿಗೆ ಹೊರಳಿ, ಕಬ್ಬಿನ ಸಿಪ್ಪೆಯಿಂದ ವಿದ್ಯುತ್ ಮಾಡಿ ಬದುಕಿಕೊಂಡಿತು. ಗಿರಣಿ ಬದುಕಿತು, ಸಾವಿರಾರು ಸಣ್ಣ ಬೆಳೆಗಾರರು ಕಬ್ಬು ಬಿಟ್ಟರು.

ವಿಮೆಯ ಬಗ್ಗೆ ನಿಮಗೆ ಬಹಳ ಹೇಳುತ್ತಾರೆ. ಕೆರಿಬಿಯನ್ ದೇಶಗಳು 2007ರಲ್ಲಿ ಕಟ್ಟಿಕೊಂಡ ಸಾಮೂಹಿಕ ವಿಮಾ ನಿಧಿ ಒಳ್ಳೆಯದೇ. ಗಾಳಿಯ ವೇಗದಂತಹ ಅಳತೆ ಮಿತಿ ದಾಟಿದರೆ ನಷ್ಟದ ಸಮೀಕ್ಷೆಗೆ ಕಾಯದೆ ಎರಡು ವಾರದೊಳಗೆ ಹಣ ಬರುತ್ತದೆ. ಆದರೆ ಅದು ಬರುವುದು ಖಜಾನೆಗೆ. ಅಲ್ಲಿಂದ ರೈತನ ಕೈಗೆ ಎಷ್ಟು, ಯಾವ ಪಟ್ಟಿಯ ಆಧಾರದಲ್ಲಿ ಎಂಬುದು ಮೊದಲೇ ಬರೆದಿಟ್ಟಿರದಿದ್ದರೆ ರಸ್ತೆ ದುರಸ್ತಿಯಲ್ಲಿ ಕರಗುತ್ತದೆ.

ನಿಮ್ಮ ದೇಶಕ್ಕೆ ತಗ್ಗಿನ ಹವಳದ್ವೀಪಗಳೂ ಸೇರಿದ್ದರೆ ಅವುಗಳಿಗೆ ಈ ಯಾವ ಸಲಹೆಯೂ ಹಾಗೆಯೇ ಹೊಂದುವುದಿಲ್ಲ. ಅಲ್ಲಿ ಮಳೆಯ ಸಿಹಿನೀರು ನೆಲದಡಿಯ ಉಪ್ಪುನೀರಿನ ಮೇಲೆ ತೇಲುವ ತೆಳು ಪದರ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಮೀಟರ್ ಇರುತ್ತದೆ ಎಂಬುದು ಭೂಜಲಶಾಸ್ತ್ರದ ಲೆಕ್ಕ. ಅದನ್ನು ತಿರುಗಿಸಿ ಓದಿ: ಪಂಪು ಮೇಲಿನ ಮಟ್ಟವನ್ನು ಒಂದು ಗೇಣು ತಗ್ಗಿಸಿದರೆ ಕೆಳಗಿನಿಂದ ಉಪ್ಪು ನಲವತ್ತು ಗೇಣು ಏರಬಲ್ಲದು. ಕಿರಿಬಾಟಿ, ಟುವಾಲುಗಳಲ್ಲಿ ಹಳ್ಳ ತೋಡಿ, ಎಲೆಗೊಬ್ಬರ ತುಂಬಿ ಬೆಳೆಸುವ ಜೌಗುಗೆಡ್ಡೆಯ ಗುಂಡಿಗಳಿಗೂ ಉಪ್ಪು ತಾಗುತ್ತಿದೆ. ಅಲ್ಲಿ ನೀರಾವರಿ ಯೋಜನೆಯ ಪ್ರಸ್ತಾವ ಬಂದರೆ ತಡೆಯುವುದೇ ನಿಮ್ಮ ಕೆಲಸ. ಮಳೆನೀರಿನ ತೊಟ್ಟಿ, ಮನೆಯಂಗಳದ ಕಾಂಪೋಸ್ಟು, ಮೀನು ಇಷ್ಟೇ ದಾರಿ.

ಆರಂಭ ಎಲ್ಲಿಂದ ಎಂದಿರಿ. ಸುಂಕದ ಕಚೇರಿಯಿಂದ. ಕಳೆದ ಮೂರು ವರ್ಷದ ಆಹಾರ ಆಮದಿನ ತಿಂಗಳವಾರು ಪಟ್ಟಿ ಪಡೆಯಿರಿ. ಅದರಲ್ಲಿ ಕೆಡುವಂಥ, ಭಾರವಾದ, ನಿಮ್ಮ ಹವೆಯಲ್ಲಿ ಬೆಳೆಯುವಂಥ ನಾಲ್ಕೈದು ಸರಕು ಮಾತ್ರ ಆರಿಸಿ. ಸಸಿ ಹಂಚುವ ಮೊದಲು ಕೊಳ್ಳುವವರ ಬಳಿ ಹೋಗಿ: ಶಾಲೆ, ಆಸ್ಪತ್ರೆ, ಸೆರೆಮನೆ, ಹೋಟೆಲು. ಹೋಟೆಲಿನವರು ಸ್ಥಳೀಯ ಬೆಳೆ ಬೇಡವೆನ್ನುವುದಿಲ್ಲ; ವಾರಕ್ಕೆ ಇಷ್ಟು ಕಿಲೋ, ಒಂದೇ ಗಾತ್ರ ಎನ್ನುತ್ತಾರೆ, ಹಣ ಮಾತ್ರ ಎರಡು ಮೂರು ತಿಂಗಳ ನಂತರ ಕೊಡುತ್ತಾರೆ. ರೈತನಿಗೆ ಅಂದೇ ನಗದು ಬೇಕು. ಈ ಅಂತರವನ್ನು ತುಂಬುವ ಸಣ್ಣದೊಂದು ಸುತ್ತುನಿಧಿಯನ್ನು ರೈತಸಂಘಕ್ಕೆ ಕೊಡಿಸಿದರೆ, ಯಾವ ಹಸಿರುಮನೆಯೂ ಮಾಡದಷ್ಟು ಕೆಲಸ ಅದು ಮಾಡುತ್ತದೆ. ಹೋಟೆಲು ಕೈಕೊಟ್ಟರೆ ನಿಧಿ ಮುಳುಗುವ ಅಪಾಯ ಇದ್ದೇ ಇದೆ. ಅದಕ್ಕೇ ಶಾಲೆ, ಆಸ್ಪತ್ರೆಗಳಿಂದ ಆರಂಭಿಸಿ, ಅಲ್ಲಿ ಕೊಡುವವರು ಸರ್ಕಾರದವರೇ.

ಹೊರದ್ವೀಪಗಳಿಗೆ ಹೋಗುವಾಗ ಇಲಾಖೆ ವಿಮಾನದ ಟಿಕೆಟ್ ಕೊಡುತ್ತದೆ. ಬೇಡವೆನ್ನಿ, ಸರಕಿನ ದೋಣಿಯಲ್ಲಿ ಹೋಗಿ. ಪೆಟ್ಟಿಗೆಗಳನ್ನು ಎಲ್ಲಿ ಪೇರಿಸುತ್ತಾರೆ, ಎಷ್ಟು ಹೊತ್ತು ಬಿಸಿಲಿನಲ್ಲಿಡುತ್ತಾರೆ, ಬಾಡಿಗೆ ಯಾರು ಕೊಡುತ್ತಾರೆ, ಕೆಟ್ಟದ್ದರ ನಷ್ಟ ಯಾರ ತಲೆಗೆ ಬೀಳುತ್ತದೆ ಎಂದು ಬರೆದುಕೊಳ್ಳಿ. ಮಂತ್ರಿಗಳ ಮುಂದೆ ಇಡುವ ಮೊದಲ ಟಿಪ್ಪಣಿಗೆ ಬೇಕಾದ ಸರಕು ಅದರಲ್ಲೇ ಸಿಗುತ್ತದೆ.